ತೊಗರಿಗೆ ದರ ಕಟ್ಟುವವರು ಅವರು, ಔಷಧಿಗೆ ದರ ಕಟ್ಟುವವರೂ ಅವರೇ



ಮೊನ್ನೆ ಯರಗೇರಾದ ಬಸ್ ನಿಲ್ದಾಣದ ಹತ್ತಿರ ಚಹದ ಅಂಗಡಿಯಲ್ಲಿ ಕುಳಿತಿದ್ದಾಗ ಹಿರಿಯರೊಬ್ಬರು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಮುಂದಿಟ್ಟರು. ನಾಲ್ಕೂವರೆ ಎಕರೆ ಎರೆ ಹೊಲದ ಒಡೆಯರು. ಮಳೆ ನಂಬಿ ಹತ್ತಿ, ತೊಗರಿ ಬೆಳೆಯುವವರು. "ಇದನ್ನ ಓದಿ ಹೇಳ್ರಿ, ಇದು ಎಂಥಾ ಔಷಧ? ಇದಕ್ಕ ನನ್ನ ಹೊಲಾನ ಕೇಳಾಕತ್ಯಾರ" ಎಂದರು.

ಚೀಟಿಯಲ್ಲಿದ್ದ ಹೆಸರು ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್. ಅವರ ಮನೆಯಾಕೆಗೆ ಎದೆಯ ಕ್ಯಾನ್ಸರ್. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಈ ಹೆಸರು ಬರೆದುಕೊಟ್ಟು, ದುಡ್ಡು ಹೊಂದಿಸಿಕೊಂಡು ಬನ್ನಿ ಎಂದು ಕಳಿಸಿದ್ದರು. ಔಷಧಿ ಏನು ಮಾಡುತ್ತದೆ, ಎಷ್ಟು ದಿನ ಕೊಡಬೇಕು, ಇದಕ್ಕಿಂತ ಅಗ್ಗದ್ದು ಇದೆಯೇ ಎಂದು ಯಾರೂ ಹೇಳಿರಲಿಲ್ಲ. ದರ ಮಾತ್ರ ಹೇಳಿದ್ದರು.

ನಾವು ಅಡತಿ ಅಂಗಡಿಯಲ್ಲಿ ಕಾಳು ಸುರಿದು ಕೈಕಟ್ಟಿ ನಿಲ್ಲುತ್ತೇವೆ. ದರ ಅವರು ಹೇಳುತ್ತಾರೆ. ಔಷಧಿ ಅಂಗಡಿಯ ಮುಂದೆಯೂ ಕೈಕಟ್ಟಿಯೇ ನಿಲ್ಲುತ್ತೇವೆ. ದರ ಅಲ್ಲಿಯೂ ಅವರೇ ಹೇಳುತ್ತಾರೆ. ಮಾರುವಾಗಲೂ ಅವರ ದರ, ಕೊಳ್ಳುವಾಗಲೂ ಅವರ ದರ. ಬೆಲೆ ಮತ್ತು ಸಾಲದ ಬಗ್ಗೆ ಬರೆಯುವ ಈ ಪುಟಗಳಲ್ಲಿ ಕ್ಯಾನ್ಸರ್ ಔಷಧಿ ಯಾಕೆ ಬಂತು ಎಂದು ಕೇಳುವವರಿಗೆ ಉತ್ತರ ಇಷ್ಟೇ: ಬೆಳೆ ಸೋತಾಗ ಹೋಗದ ಹೊಲ ಈ ಒಂದು ಚೀಟಿಗೆ ಹೋಗುತ್ತದೆ. ಅಂದಮೇಲೆ ಇದು ನಮ್ಮದೇ ಲೆಕ್ಕ.

ಮೊದಲು ವಸ್ತು ಏನೆಂದು ತಿಳಿಯೋಣ

ಬೈಯುವುದಕ್ಕಿಂತ ಮುಂಚೆ ಬೈಯುವ ವಸ್ತು ಏನೆಂದು ತಿಳಿದಿರಬೇಕು. ಹತ್ತಿ ಹೊಲದಲ್ಲಿ ಕಸ ಬೆಳೆದಿದೆ ಎಂದುಕೊಳ್ಳಿ. ಸಿಕ್ಕಿದ್ದನ್ನೆಲ್ಲ ಸುಡುವ ಎಣ್ಣಿಯನ್ನು ಹೊಲದ ತುಂಬ ಹೊಡೆದರೆ ಕಸವೂ ಸಾಯುತ್ತದೆ, ಹತ್ತಿಯೂ ಬಾಡುತ್ತದೆ. ಹಳೆಯ ಕೀಮೋಥೆರಪಿ ಹೆಚ್ಚುಕಡಿಮೆ ಇಂಥದ್ದು. ಬೇಗಬೇಗ ಬೆಳೆಯುವ ಜೀವಕೋಶವನ್ನೆಲ್ಲ ಅದು ಹೊಡೆಯುತ್ತದೆ. ಕ್ಯಾನ್ಸರಿನ ಕೋಶದ ಜೊತೆಗೆ ಕೂದಲ ಬುಡ, ಬಾಯಿ, ಕರುಳು, ರಕ್ತ ಎಲ್ಲದಕ್ಕೂ ಪೆಟ್ಟು ಬೀಳುತ್ತದೆ. ಅದಕ್ಕೇ ಕೂದಲು ಉದುರುವುದು, ವಾಂತಿಯಾಗುವುದು.

ಇನ್ನು ಒಬ್ಬ ಜಾಣ ರೈತ ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಣ್ಣಿಯಲ್ಲಿ ಅದ್ದಿ, ಕಸದ ಎಲೆಗೆ ಮಾತ್ರ ಒರೆಸುತ್ತಾ ಹೋದನೆನ್ನಿ. ಈ ಹೊಸ ಔಷಧಿಯ ಕೆಲಸ ಅದು. ಇದರಲ್ಲಿ ಮೂರು ಭಾಗ. ಒಂದು, ಆ್ಯಂಟಿಬಾಡಿ: ಕಸದ ಗುರುತು ಹಿಡಿಯುವ ಕಣ್ಣು. ಎರಡು, ಹಳೆಯ ಕೀಮೋ ಔಷಧಿಗಿಂತ ಎಷ್ಟೋ ಪಾಲು ತೀಕ್ಷ್ಣವಾದ ವಿಷ. ಬರೀ ವಿಷವನ್ನೇ ಮೈಗೆ ಕೊಟ್ಟರೆ ತಾಳಲಾಗದಂಥದ್ದು. ಮೂರು, ಇವೆರಡನ್ನೂ ಕಟ್ಟುವ ಹುರಿ. ದಾರಿಯಲ್ಲಿ ಬಿಚ್ಚಬಾರದು, ಕ್ಯಾನ್ಸರಿನ ಕೋಶದೊಳಗೆ ಹೋದಮೇಲೆ ಬಿಚ್ಚಬೇಕು. ಕೆಲವು ಎದೆಯ ಕ್ಯಾನ್ಸರುಗಳಲ್ಲಿ ಕೋಶದ ಮೈಮೇಲೆ ಹರ್-2 ಎಂಬ ಗುರುತು ವಿಪರೀತವಾಗಿ ಇರುತ್ತದೆ. ನೂರು ಜನ ಎದೆಯ ಕ್ಯಾನ್ಸರಿನವರಲ್ಲಿ ಸುಮಾರು 15ರಿಂದ 20 ಜನರದ್ದು ಇಂಥ ಬಗೆ. ಟ್ರಾಸ್ಟುಜುಮ್ಯಾಬ್ ಎಂಬ ಆ್ಯಂಟಿಬಾಡಿ ಆ ಗುರುತಿಗೇ ಹೋಗಿ ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೆ ಎಮ್ಟಾನ್ಸಿನ್ ಎಂಬ ವಿಷ ಕಟ್ಟಿದ ಔಷಧಿಗೆ ಅಮೆರಿಕ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಡೆರುಕ್ಸ್‌ಟೆಕಾನ್ ಕಟ್ಟಿದ್ದಕ್ಕೆ 2019ರ ಡಿಸೆಂಬರಿನಲ್ಲಿ ಕೊಟ್ಟಿತು. 2024ರ ಆರಂಭದಲ್ಲಿ ಅದು ನಮ್ಮ ದೇಶದ ಪೇಟೆಗೆ ಬಂತು.

ಗುಣ ಇದೆಯೇ? ಇದೆ. ಸುಳ್ಳು ಹೇಳಬಾರದು. ಶಸ್ತ್ರಚಿಕಿತ್ಸೆಗೆ ಮುಂಚೆ ಔಷಧಿ ಕೊಟ್ಟರೂ ಗಡ್ಡೆಯ ಅಂಶ ಉಳಿದ ಹೆಂಗಸರಿಗೆ ಎಮ್ಟಾನ್ಸಿನ್ ಜೋಡಿಸಿದ ಔಷಧಿ ಕೊಟ್ಟು ನೋಡಿದರು. ಮೂರು ವರ್ಷದ ಹೊತ್ತಿಗೆ ರೋಗ ತಿರುಗಿ ಬಾರದವರು ನೂರಕ್ಕೆ 88. ಬರೀ ಟ್ರಾಸ್ಟುಜುಮ್ಯಾಬ್ ಪಡೆದವರಲ್ಲಿ 77. ರೋಗ ಮೈಯೆಲ್ಲ ಹರಡಿದವರಲ್ಲಿ ಈ ಎರಡೂ ಜೋಡಣೆಗಳನ್ನು ಹೋಲಿಸಿ ನೋಡಿದಾಗ, ಒಂದು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ನಿಂತವರು ಡೆರುಕ್ಸ್‌ಟೆಕಾನಿನಲ್ಲಿ ನೂರಕ್ಕೆ 76, ಎಮ್ಟಾನ್ಸಿನಿನಲ್ಲಿ 34. ಇದು ಸಣ್ಣ ಗುಣವಲ್ಲ. ಆದರೆ ಹರಡಿದ ರೋಗವನ್ನು ಇದು ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ, ಕಾಲವನ್ನು ಗಳಿಸಿಕೊಡುತ್ತದೆ. ಹುರಿ ಬಿಚ್ಚಿ ಹೊರಗೆ ಸೋರಿದ ವಿಷದಿಂದ ತೊಂದರೆಯೂ ಉಂಟು. ಎಮ್ಟಾನ್ಸಿನಿನಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯಬಹುದು, ಡೆರುಕ್ಸ್‌ಟೆಕಾನಿನಲ್ಲಿ ಶ್ವಾಸಕೋಶಕ್ಕೆ ಉರಿ ಬಂದು ಜೀವಕ್ಕೇ ಕುತ್ತಾಗಬಹುದು. ಇಂಥ ಔಷಧಿಗಳಲ್ಲಿ ಮೊಟ್ಟಮೊದಲನೆಯದು, ರಕ್ತದ ಕ್ಯಾನ್ಸರಿನದು, ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಪಡೆದು, 2010ರಲ್ಲಿ ಪೇಟೆಯಿಂದ ವಾಪಸಾಗಿ, 2017ರಲ್ಲಿ ಪ್ರಮಾಣ ತಗ್ಗಿಸಿಕೊಂಡು ಮತ್ತೆ ಬಂತು. ದೇವರ ತೀರ್ಥವೇನೂ ಅಲ್ಲ.

ಆದ್ದರಿಂದ ನಮ್ಮ ಜಗಳ ಔಷಧಿಯ ಮೇಲಲ್ಲ, ವಿಜ್ಞಾನದ ಮೇಲೂ ಅಲ್ಲ. ನಮ್ಮ ಜಗಳ ದರದ ಮೇಲೆ.

ಲೆಕ್ಕ ಹಾಕಿ ನೋಡಿ

ಡೆರುಕ್ಸ್‌ಟೆಕಾನ್ ಜೋಡಣೆಯನ್ನು ಎದೆಯ ಕ್ಯಾನ್ಸರಿಗೆ ಮೈತೂಕದ ಪ್ರತಿ ಕಿಲೋಗೆ 5.4 ಮಿಲಿಗ್ರಾಂ ಲೆಕ್ಕದಲ್ಲಿ, ಮೂರು ವಾರಕ್ಕೊಮ್ಮೆ ಸಲೈನ್ ಹಚ್ಚಿದ ಹಾಗೆ ನರಕ್ಕೆ ಕೊಡುತ್ತಾರೆ. 55 ಕಿಲೋ ತೂಕದ ಹೆಣ್ಣುಮಗಳಿಗೆ 297 ಮಿಲಿಗ್ರಾಂ, ಅಂದರೆ 100 ಮಿಲಿಗ್ರಾಮಿನ ಮೂರು ಬಾಟಲಿ. ಲೆಕ್ಕ ಸುಲಭವಾಗಲಿ ಎಂದು ಒಂದು ಬಾಟಲಿಗೆ ಒಂದು ಲಕ್ಷ ಎಂದಿಟ್ಟುಕೊಳ್ಳಿ. ನಿಮ್ಮ ಚೀಟಿಯಲ್ಲಿ ಬೇರೆ ದರ ಇದ್ದರೆ ಅದನ್ನೇ ಹಾಕಿ ಗುಣಿಸಿ. ಒಂದು ಸಲಕ್ಕೆ ಮೂರು ಲಕ್ಷ.

2025-26ರ ಹಂಗಾಮಿಗೆ ಸರ್ಕಾರ ತೊಗರಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಬೆಲೆ ಕೈಗೆ ಸಿಕ್ಕಿತೆಂದೇ ಹಿಡಿಯಿರಿ. ಮೂರು ಲಕ್ಷಕ್ಕೆ 37 ಕ್ವಿಂಟಲ್ 50 ಕಿಲೋ ತೊಗರಿ ಬೇಕು. ಒಣಬೇಸಾಯದ ಎರೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ, ಸುಮಾರು ಒಂಬತ್ತೂವರೆ ಎಕರೆಯ ಇಡೀ ವರ್ಷದ ಬೆಳೆ. ಬೀಜ, ಗೊಬ್ಬರ, ಕೂಲಿ ಯಾವುದನ್ನೂ ಕಳೆಯದೆ! ಅದು ಒಂದು ಸಲದ ಔಷಧಿಗೆ. ಮೂರು ವಾರ ಬಿಟ್ಟು ಮತ್ತೆ ಒಂಬತ್ತೂವರೆ ಎಕರೆ. ವರ್ಷಕ್ಕೆ ಹದಿನೇಳು ಸಲ. ನಾಲ್ಕೂವರೆ ಎಕರೆಯ ರೈತ ಇದನ್ನು ಎಲ್ಲಿಂದ ತರಬೇಕು? ಮಾನ್ವಿಯ ಕಾಲುವೆ ನೀರಿನ ಭತ್ತದವರಾದರೂ ಎಲ್ಲಿಂದ ತರಬೇಕು? ದೇವದುರ್ಗದಲ್ಲಿ ಕಾಲುವೆಯ ಕೊನೆಯಲ್ಲಿ ಹೊಲ ಇರುವವರ ಮಾತು ಬಿಡಿ.

ಕಂಪನಿಯವರು ರಿಯಾಯತಿ ಕೊಡುತ್ತಾರಲ್ಲ, ಇಷ್ಟು ಬಾಟಲಿ ಕೊಂಡರೆ ಇಷ್ಟು ಪುಕ್ಕಟೆ ಎನ್ನುತ್ತಾರಲ್ಲ ಎಂದು ಕೆಲವರು ಹೇಳಬಹುದು. ಕೊಡುತ್ತಾರೆ, ನಿಜ. ಅಂಥ ಯೋಜನೆ ಇದ್ದರೆ ಕೇಳಿ ಪಡೆಯಿರಿ, ಸಂಕೋಚ ಬೇಡ. ಆದರೆ ಒಂದು ಮಾತು ಯೋಚಿಸಿ. ಸಂತೆಯಲ್ಲಿ ಎತ್ತಿಗೆ ಎರಡು ಲಕ್ಷ ಹೇಳಿದವನು ಅರವತ್ತು ಸಾವಿರಕ್ಕೆ ಬಿಟ್ಟರೆ ಅವನನ್ನು ದಾನಿ ಅನ್ನುತ್ತೀರೋ, ಮೊದಲು ಹೇಳಿದ್ದು ಸುಳ್ಳು ದರ ಅನ್ನುತ್ತೀರೋ?

ಸಂಶೋಧನೆಯ ಖರ್ಚು ಯಾರದು?

"ಇದರ ಹಿಂದೆ ಭಾರೀ ಸಂಶೋಧನೆ ಇದೆ, ಅದರ ಖರ್ಚು ಬರಬೇಡವೇ?" ಇದು ಅವರ ದೊಡ್ಡ ವಾದ. ಒಳ್ಳೆಯ ಪ್ರಶ್ನೆ. ಹಾಗಾದರೆ ಖರ್ಚು ಮಾಡಿದವರೆಲ್ಲರ ಹೆಸರನ್ನೂ ಬರೆಯೋಣ.

ಆ್ಯಂಟಿಬಾಡಿಯನ್ನು ಒಂದೇ ಬಗೆಯಲ್ಲಿ, ಬೇಕಾದಷ್ಟು ತಯಾರಿಸುವ ವಿದ್ಯೆಯನ್ನು 1975ರಲ್ಲಿ ಕಂಡುಹಿಡಿದವರು ಕೋಹ್ಲರ್ ಮತ್ತು ಮಿಲ್‌ಸ್ಟೈನ್. ಜಾಗ ಕೇಂಬ್ರಿಜ್, ಬ್ರಿಟನ್ನಿನ ಜನರ ತೆರಿಗೆಯಿಂದ ನಡೆಯುವ ಪ್ರಯೋಗಾಲಯ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಆ ವಿದ್ಯೆಗೆ ಪೇಟೆಂಟ್ ಇರಲಿಲ್ಲ, ಅದು ಲೋಕಕ್ಕೆಲ್ಲ ಸಿಕ್ಕಿತು. ಎಮ್ಟಾನ್ಸಿನ್ ವಿಷದ ಮೂಲ ಮೇಟಾನ್ಸಿನ್. ಅದನ್ನು ಆಫ್ರಿಕದ ಇಥಿಯೋಪಿಯದ ಒಂದು ಗಿಡದಿಂದ ಬೇರ್ಪಡಿಸಿದ್ದು 1972ರಲ್ಲಿ, ಅಮೆರಿಕ ಸರ್ಕಾರದ ಕ್ಯಾನ್ಸರ್ ಸಂಸ್ಥೆ ಹಣ ಕೊಟ್ಟ ಕೆಲಸದಲ್ಲಿ. ಡೆರುಕ್ಸ್‌ಟೆಕಾನಿನ ವಿಷಕ್ಕೆ ಮೂಲ ಮಾದರಿ ಕ್ಯಾಂಪ್ಟೊಥೆಸಿನ್. ಚೀನಾದ ಮರವೊಂದರಿಂದ ಅದನ್ನು ತೆಗೆದು 1966ರಲ್ಲಿ ಪ್ರಕಟಿಸಿದವರು ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ವಾಣಿ. ಆ ಹಣವೂ ಸರ್ಕಾರದ್ದೇ.

ಇನ್ನೊಂದು ಮಾತು ಕೇಳಿ. ಅದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ಮರವೊಂದರಲ್ಲೂ ಇದೆ. ಶಾಸ್ತ್ರಜ್ಞರು ಅದನ್ನು ನಾಥಾಪೋಡೈಟಿಸ್ ಎನ್ನುತ್ತಾರೆ. ನಮ್ಮ ದೇಶದ ವಿಜ್ಞಾನಿಗಳೇ 1972ರಲ್ಲಿ ಅದನ್ನು ಬರೆದಿಟ್ಟರು. ಹೊರದೇಶದ ಬೇಡಿಕೆಗೆ ಆ ಮರಗಳನ್ನು ಕಡಿದು ತೊಗಟೆ, ಕಟ್ಟಿಗೆ, ಬೇರು ಕಿತ್ತು ಮಾರಿ, ಇಂದು ಆ ಜಾತಿಗೇ ಅಪಾಯ ಬಂದಿದೆ. ಕಿತ್ತುಕೊಟ್ಟವನಿಗೆ ಸಿಕ್ಕಿದ್ದು ಕಿಲೋ ಲೆಕ್ಕದ ಪುಡಿಗಾಸು. ಅದೇ ವಂಶದ ವಿಷ ಮಿಲಿಗ್ರಾಂ ಲೆಕ್ಕದಲ್ಲಿ ಬಾಟಲಿಯೊಳಗೆ ಕುಳಿತು ಬಂದಾಗ ಹೊಲ ಕೇಳುತ್ತದೆ. ಹತ್ತಿ ಕೊಟ್ಟು ಬಟ್ಟೆ ಕೊಳ್ಳುವ ನಮಗೆ ಈ ಆಟ ಹೊಸದೇ?

ಕಂಪನಿಗಳು ಏನೂ ಮಾಡಲಿಲ್ಲ ಎಂದಲ್ಲ. ವಿಷವನ್ನು ಆ್ಯಂಟಿಬಾಡಿಗೆ ಕಟ್ಟುವ ಹುರಿಯ ಜಾಣತನ ಅವರದು, ರೋಗಿಗಳಲ್ಲಿ ಪರೀಕ್ಷೆ ಮಾಡಿದ ಖರ್ಚೂ ಅವರದು. ಅದಕ್ಕೆ ಪ್ರತಿಫಲ ಬೇಡವೆನ್ನುವವನು ರೈತನಲ್ಲ. ದುಡಿದವನಿಗೆ ಕೂಲಿ ಸಿಗಬೇಕೆಂದೇ ನಾವು ಬಾಯಿ ಬಡಿದುಕೊಳ್ಳುವುದು. ಆದರೆ 2019ರ ಮಾರ್ಚಿನಲ್ಲಿ ಬ್ರಿಟನ್ನಿನ ಆಸ್ಟ್ರಾಜೆನೆಕಾ ಕಂಪನಿ ಈ ಒಂದು ಔಷಧಿಯಲ್ಲಿ ಪಾಲು ಪಡೆಯಲು ಜಪಾನಿನ ದಾಯಿಚಿ ಸಾಂಕ್ಯೊ ಕಂಪನಿಗೆ 690 ಕೋಟಿ ಡಾಲರಿನವರೆಗೆ ಕೊಡಲು ಒಪ್ಪಿತು. ಇದು ಔಷಧಿ ತಯಾರಿಸಿದ ಖರ್ಚಲ್ಲ. ಮುಂದೆ ರೋಗಿಗಳಿಂದ ಎಷ್ಟು ವಸೂಲಾಗಬಹುದು ಎಂಬ ಅಂದಾಜಿನ ಮೇಲೆ ಕಟ್ಟಿದ ಹರಾಜು. ಆ ಹರಾಜಿನ ಹೊರೆ ಯರಗೇರಾದ ನಾಲ್ಕೂವರೆ ಎಕರೆಯ ಮೇಲೆ ಯಾಕ ಬೀಳಬೇಕ್ರಿ?

ನಮಗೊಂದು ತಕ್ಕಡಿ, ಅವರಿಗೊಂದು ತಕ್ಕಡಿ

ನಮ್ಮ ಬೆಳೆಗೆ ಬೆಂಬಲ ಬೆಲೆ ಗೊತ್ತು ಮಾಡುವಾಗ ದಿಲ್ಲಿಯಲ್ಲಿ ಎ-2, ಎಫ್‌ಎಲ್, ಸಿ-2 ಎಂದು ಮೂರು ಬಗೆಯ ಲೆಕ್ಕ ಹಾಕುತ್ತಾರೆ. ಬೀಜ ಎಷ್ಟು, ಗೊಬ್ಬರ ಎಷ್ಟು, ಎತ್ತಿನ ದುಡಿಮೆ ಎಷ್ಟು, ಮನೆಮಂದಿಯ ಕೂಲಿ ಎಷ್ಟು ಎಂದು ಪೈಸೆ ಪೈಸೆ ಕೆದಕುತ್ತಾರೆ. ಕೊನೆಗೆ ಜಮೀನಿನ ಗೇಣಿ, ಹಾಕಿದ ಬಂಡವಾಳದ ಬಡ್ಡಿ ಸೇರಿದ ಸಿ-2ಕ್ಕೆ ಒಂದೂವರೆ ಪಟ್ಟು ಕೊಡಿ ಎಂದರೆ ಕೊಡುವುದಿಲ್ಲ. ಇರಲಿ, ಲೆಕ್ಕವಾದರೂ ಹಾಕುತ್ತಾರೆ.

ಔಷಧಿಗೆ? 1995ರ ಔಷಧಿ ದರ ನಿಯಂತ್ರಣ ಆದೇಶದಲ್ಲಿ ಉತ್ಪಾದನಾ ವೆಚ್ಚದ ಮೇಲೆ ದರ ಕಟ್ಟುವ ಪದ್ಧತಿ ಇತ್ತು. 2013ರ ಆದೇಶ ಅದನ್ನು ಕಿತ್ತುಹಾಕಿತು. ಪೇಟೆಯಲ್ಲಿ ಕಂಪನಿಗಳು ಈಗಾಗಲೇ ಇಟ್ಟಿರುವ ದರಗಳ ಸರಾಸರಿ ತೆಗೆದು, ಅದರ ಮೇಲೆ ಚಿಲ್ಲರೆ ಅಂಗಡಿಯವನಿಗೆ ಶೇ. 16 ಸೇರಿಸಿ, ಅದನ್ನೇ ಗರಿಷ್ಠ ಬೆಲೆ ಎಂದು ಸಾರುವುದು ಹೊಸ ಪದ್ಧತಿ. ಅಂದರೆ ಅಡತಿಯವರೆಲ್ಲ ಕೂತು ಹೇಳಿದ ದರದ ಸರಾಸರಿಯೇ ನ್ಯಾಯದ ದರ! ಅದೂ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ ಇದ್ದವಕ್ಕೆ ಮಾತ್ರ. 2019ರ ಜನವರಿಯಲ್ಲಿ ಇನ್ನೊಂದು ತಿದ್ದುಪಡಿ ಬಂತು: ಪೇಟೆಂಟ್ ಪಡೆದ ಹೊಸ ಔಷಧಿಗೆ ಮಾರಾಟ ಶುರುವಾದ ದಿನದಿಂದ ಐದು ವರ್ಷ ಈ ಆದೇಶದಿಂದಲೇ ವಿನಾಯಿತಿ.

ನಮ್ಮ ತೊಗರಿಗೆ ಒಂದಿಷ್ಟು ದರ ಏರಿದರೆ ಏನಾಗುತ್ತದೆ? ಗ್ರಾಹಕರಿಗೆ ಹೊರೆ ಎಂದು 2021ರ ಮೇ ತಿಂಗಳಲ್ಲಿ ಹೊರದೇಶದ ತೊಗರಿಗೆ ಬಾಗಿಲು ತೆರೆದರು. ಮುಂದೆ ವರ್ಷ ವರ್ಷ ಆ ಗಡುವನ್ನು ಬೆಳೆಸುತ್ತಾ ಬಂದರು. ಬಡವನ ತಟ್ಟೆಯ ಬೇಳೆ ಅಗ್ಗವಾಗಬೇಕು, ಸರಿ. ಬಡವನ ನರಕ್ಕೆ ಹೋಗುವ ಔಷಧಿ ಮಾತ್ರ ಅಗ್ಗವಾಗಬೇಕಿಲ್ಲವೇ? ಬೆಳೆದವನಿಗೆ ದರ ಏರಿದ ದಿನವೇ ಆಮದು, ಮಾಡಿ ಮಾರುವ ಕಂಪನಿಗೆ ಐದು ವರ್ಷ ಅಭಯ. ಇದು ಯಾವ ನ್ಯಾಯ?

2024ರ ಜುಲೈ 23ರ ಬಜೆಟ್ಟಿನಲ್ಲಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದರು. ಅದೇ ಸೆಪ್ಟೆಂಬರಿನಲ್ಲಿ ಅವುಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿದರು. 2025ರ ಸೆಪ್ಟೆಂಬರ್ 22ರಿಂದ ಇನ್ನೂ 33 ಔಷಧಿಗಳಿಗೆ ಜಿಎಸ್‌ಟಿಯನ್ನೇ ತೆಗೆದರು. ರಕ್ತದ ಕ್ಯಾನ್ಸರಿಗೆ ಬಳಸುವ ಪೊಲಾಟುಜುಮ್ಯಾಬ್ ವೆಡೋಟಿನ್ ಎಂಬ ಇಂಥದೇ ಜೋಡಣೆಯ ಔಷಧಿ ಅದರಲ್ಲಿದೆ. ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಇದರಲ್ಲಿ ಸರ್ಕಾರ ಬಿಟ್ಟದ್ದು ತನ್ನ ಪಾಲನ್ನು, ಅಂದರೆ ನಮ್ಮ ತೆರಿಗೆಯನ್ನು. ಕಂಪನಿ ಕಟ್ಟಿದ ಮೂಲ ದರವನ್ನು ಯಾರೂ ಮುಟ್ಟಲಿಲ್ಲ. ಚಕ್ಕಡಿಯ ಮೇಲಿನ ಹತ್ತು ಕಿಲೋ ಇಳಿಸಿ, ತೊಂಬತ್ತು ಕಿಲೋ ಹಾಗೇ ಬಿಟ್ಟು, ಎತ್ತಿಗೆ ಹಗುರಾಯಿತೆಂದು ಡಂಗುರ ಹೊಡೆದಂತಾಯಿತು.

ದರ ಇಳಿಸಲು ಬರುತ್ತದೆ. ಇಳಿಸಿ ತೋರಿಸಿದ್ದಾರೆ.

"ಪೇಟೆಂಟ್ ಅಂದರೆ ಕಾನೂನು, ಏನೂ ಮಾಡಲಿಕ್ಕೆ ಆಗುವುದಿಲ್ಲ" ಎನ್ನುವವರನ್ನು ನಂಬಬೇಡಿ. ರಾಯಚೂರು ಜಿಲ್ಲೆಯ ಹತ್ತಿ ಬೆಳೆಗಾರರಿಗೆ ಈ ಮಾತಿನ ಸುಳ್ಳು ಚೆನ್ನಾಗಿ ಗೊತ್ತಿರಬೇಕು. 2006ಕ್ಕೆ ಮುಂಚೆ 450 ಗ್ರಾಮಿನ ಬಿಟಿ ಹತ್ತಿ ಬೀಜದ ಪೊಟ್ಟಣಕ್ಕೆ 1,600 ರೂಪಾಯಿಗೂ ಹೆಚ್ಚು ತೆತ್ತಿದ್ದೇವೆ. ಅದರಲ್ಲಿ ಬಹುಪಾಲು ಬೀಜದ್ದಲ್ಲ, ಬೀಜದೊಳಗಿನ ಗುಣಕ್ಕೆ ಕಂಪನಿ ವಸೂಲು ಮಾಡುತ್ತಿದ್ದ ರಾಜಧನ. ಆಗಿನ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ವಿಚಾರಣಾ ಆಯೋಗಕ್ಕೆ ಹೋಯಿತು, 2006ರಲ್ಲಿ 750 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಕಟ್ಟಪ್ಪಣೆ ಮಾಡಿತು. ಕಂಪನಿ ಮುಳುಗಿತೇ? ಬೀಜ ಬರುವುದು ನಿಂತಿತೇ? 2015ರ ಡಿಸೆಂಬರಿನಲ್ಲಿ ಕೇಂದ್ರವೇ ಹತ್ತಿ ಬೀಜದ ದರ ನಿಯಂತ್ರಣ ಆದೇಶ ತಂದು, 2016ರಲ್ಲಿ ಪೊಟ್ಟಣಕ್ಕೆ 800 ರೂಪಾಯಿ, ಅದರಲ್ಲಿ ರಾಜಧನ ಬರೀ 49 ರೂಪಾಯಿ ಎಂದು ಗೊತ್ತುಮಾಡಿತು. ಬೀಜಕ್ಕೆ ಆದದ್ದು ಔಷಧಿಗೆ ಯಾಕ ಆಗೂದಿಲ್ಲ?

ಔಷಧಿಗೂ ಆಗಿದೆ. 2012ರ ಮಾರ್ಚಿನಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಮಾತ್ರೆ ಸೊರಾಫೆನಿಬ್‌ಗೆ ಪೇಟೆಂಟ್ ಕಚೇರಿ ಕಡ್ಡಾಯ ಪರವಾನಗಿ ಕೊಟ್ಟಿತು. ಅಂದರೆ ಪೇಟೆಂಟ್ ಇದ್ದರೂ ಬೇರೆಯವರು ತಯಾರಿಸಬಹುದು, ಮೂಲ ಕಂಪನಿಗೆ ಗೊತ್ತುಮಾಡಿದ ರಾಜಧನ ಕೊಡಬೇಕು. ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರದ ಮಾತ್ರೆಯನ್ನು ಹೈದರಾಬಾದಿನ ನ್ಯಾಟ್ಕೊ ಕಂಪನಿ 8,880 ರೂಪಾಯಿಗೆ ಕೊಟ್ಟಿತು. ಬೇಯರ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಸೋತಿತು. ನಮ್ಮ ಪೇಟೆಂಟ್ ಕಾಯ್ದೆಯ 84ನೇ ಕಲಮಿನಲ್ಲಿ ಈ ಅಧಿಕಾರ ಇಂದಿಗೂ ಇದೆ. ದರ ಜನರ ಕೈಗೆಟುಕದಿದ್ದರೆ ಪೇಟೆಂಟ್ ಕೊಟ್ಟು ಮೂರು ವರ್ಷವಾದ ಮೇಲೆ ಯಾರಾದರೂ ಅರ್ಜಿ ಹಾಕಬಹುದು. 92ನೇ ಕಲಮಿನಲ್ಲಿ ಸರ್ಕಾರ ತಾನೇ ಮುಂದಾಗಬಹುದು. ಆದರೆ 2012ರ ಆ ಒಂದಾದ ಮೇಲೆ ಎರಡನೆಯದು ಹೊರಬಿದ್ದಿಲ್ಲ. ಕತ್ತಿ ಇದೆ, ಒರೆಯಿಂದ ತೆಗೆಯುವ ಕೈ ಇಲ್ಲ.

ಒರೆಯ ಮೇಲೆ ಕೈ ಇಟ್ಟರೂ ಸಾಕು, ಕೆಲಸವಾಗುತ್ತದೆ. ಈ ಜೋಡಣೆಯ ಬುಡ ಟ್ರಾಸ್ಟುಜುಮ್ಯಾಬ್. ಅದರ ಮೇಲೆ ಕಡ್ಡಾಯ ಪರವಾನಗಿಯ ಮಾತು ದಿಲ್ಲಿಯಲ್ಲಿ ಎದ್ದಿದ್ದಾಗಲೇ, 2013ರಲ್ಲಿ ರೋಶ್ ಕಂಪನಿ ಭಾರತದಲ್ಲಿ ತನ್ನ ಪೇಟೆಂಟನ್ನು ಮುಂದುವರಿಸುವುದನ್ನು ಕೈಬಿಟ್ಟಿತು. 2014ರ ಆರಂಭದಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಯನ್ನು 440 ಮಿಲಿಗ್ರಾಮಿಗೆ 57,500 ರೂಪಾಯಿಗೆ ಪೇಟೆಗೆ ತಂದಿತು, ಆಗಿನ ದರಕ್ಕಿಂತ ಸುಮಾರು ಕಾಲುಭಾಗ ಕಡಿಮೆ. ರೋಶ್ ದಿಲ್ಲಿ ಹೈಕೋರ್ಟಿಗೆ ಓಡಿತು, ಆದರೂ ಅಗ್ಗದ ಔಷಧಿ ಉಳಿಯಿತು. 2021ರಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಎಮ್ಟಾನ್ಸಿನ್ ಜೋಡಣೆಯನ್ನೇ ತಯಾರಿಸಿ, ಚಿಕಿತ್ಸೆಯ ಖರ್ಚು ಸುಮಾರು ಶೇ. 80 ಇಳಿಯುತ್ತದೆ ಎಂದು ಸಾರಿತು. ನೂರು ರೂಪಾಯಿಯ ಜಾಗದಲ್ಲಿ ಇಪ್ಪತ್ತು! ಹಾಗಾದರೆ ಉಳಿದ ಎಂಬತ್ತು ಇಷ್ಟು ವರ್ಷ ಯಾರ ಜೇಬಿಗೆ ಹೋಯಿತು?

ಇನ್ನು ದಲಾಲಿಯ ಮಾತು. 2019ರ ಫೆಬ್ರವರಿಯಲ್ಲಿ ದರ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ಮೇಲೆ ವ್ಯಾಪಾರಿಗಳ ಲಾಭ ಶೇ. 30 ದಾಟಬಾರದು ಎಂದು ಆದೇಶಿಸಿತು. ಕಂಪನಿಯ ದರ ಮುಟ್ಟಲಿಲ್ಲ, ನಡುವಿನವರ ಪಾಲಿಗೆ ಮಾತ್ರ ಮಿತಿ ಹಾಕಿತು. ಅಷ್ಟಕ್ಕೇ ಕೆಲವು ಬ್ರಾಂಡುಗಳ ಮುದ್ರಿತ ಬೆಲೆ ಶೇ. 80ಕ್ಕೂ ಹೆಚ್ಚು ಬಿತ್ತು. ನಮ್ಮ ಮಾರುಕಟ್ಟೆಯಲ್ಲಿ ದಲಾಲಿ ತಿನ್ನುವವರನ್ನು ನೋಡಿ ಹಲ್ಲು ಕಡಿಯುತ್ತೇವೆ. ಇಲ್ಲಿಯ ದಲಾಲಿಯ ಮುಂದೆ ಅವರು ಸಣ್ಣ ಮಕ್ಕಳು.

ಸಾಲದ ಪುಸ್ತಕದಲ್ಲಿ ಇಲ್ಲದ ಸಾಲ

ಈಗ ನಮ್ಮ ಹೊಸ್ತಿಲಿಗೆ ಬನ್ನಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಹುಟ್ಟಿತು. ಅದರ ಒಂದು ಕೇಂದ್ರ ಕಲಬುರಗಿಯಲ್ಲಿದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕೀಮೋ ಕೇಂದ್ರಗಳನ್ನು ತೆರೆಯಿತು. ಆದರೂ ನಮ್ಮ ಕಡೆಯ ರೋಗಿ ಕಲಬುರಗಿಗೋ, ಹೈದರಾಬಾದಿಗೋ, ಬೆಂಗಳೂರಿಗೋ ಅಲೆಯುವುದು ತಪ್ಪಿಲ್ಲ. ಮೂರು ವಾರಕ್ಕೊಮ್ಮೆ ಇಬ್ಬರ ಪ್ರಯಾಣ, ಛತ್ರ, ಊಟ, ಹೋದ ದಿನಗಳ ಹೊಲದ ಕೆಲಸ. ಇವು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ. ಮೇಲೆ ಹಾಕಿದ ಲೆಕ್ಕದಲ್ಲಿ ಅದು ಎರಡು ಸಲದ ಔಷಧಿಗೂ ಸಾಲದು. ಎಪಿಎಲ್ ಚೀಟಿಯವರಿಗೆ ಖರ್ಚಿನ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಸಹಕಾರಿ ರೈತರಿಗೆಂದು 2003ರಲ್ಲಿ ನಡೆಯಲು ಶುರುವಾದ ಯಶಸ್ವಿನಿ ಮೂಲದಲ್ಲಿ ಶಸ್ತ್ರಚಿಕಿತ್ಸೆಯ ಸುತ್ತ ಕಟ್ಟಿದ ಯೋಜನೆ; ವರ್ಷಗಟ್ಟಲೆ ನಡೆಯುವ ಔಷಧಿಯ ಭಾರ ಹೊರಲು ಕಟ್ಟಿದ್ದಲ್ಲ. ಉಳಿದದ್ದು ಏನು? ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ವರ್ಷಕ್ಕೆ ಮೂವತ್ತಾರು. ಬೆಳೆಸಾಲಕ್ಕೆ ಸೊಸೈಟಿಯಲ್ಲಿ ಬಡ್ಡಿ ಇಲ್ಲ, ಹೆಂಡತಿಯ ಜೀವದ ಸಾಲಕ್ಕೆ ಮೂವತ್ತಾರು!

2018ರಲ್ಲಿ ರಾಜ್ಯ ಸರ್ಕಾರ ಸಾಲಮನ್ನಾ ಮಾಡಿದಾಗ ಮನ್ನಾ ಆದದ್ದು ಬೆಳೆಸಾಲ. ಔಷಧಿಗೆಂದು ಮಾಡಿದ ಕೈಸಾಲ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ರೈತ ನೇಣು ಹಾಕಿಕೊಂಡಾಗ ಅಧಿಕಾರಿ ಬಂದು ಬ್ಯಾಂಕಿನ ಸಾಲ ಎಷ್ಟು ಎಂದು ಕೇಳುತ್ತಾನೆ. ಆಸ್ಪತ್ರೆಗೆ ಎಷ್ಟು ಸುರಿದೆ ಎಂದು ಕೇಳುವ ಅಂಕಣ ಅವನ ಫಾರಮಿನಲ್ಲಿ ಇದೆಯೇ? ಎಷ್ಟೋ ಮನೆಗಳಲ್ಲಿ ಬೆಳೆಸಾಲವೆಂದು ತಂದದ್ದೂ ಆಸ್ಪತ್ರೆಗೆ ಹೋಗಿದೆ ಎಂಬುದು ಊರಿಗೆಲ್ಲ ಗೊತ್ತು, ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲ.

ಹೊಲ ಮಾರುವ ಮುಂಚೆ

ಆ ಹಿರಿಯರಿಗೆ ಚಹದ ಅಂಗಡಿಯಲ್ಲಿ ನಾವು ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಔಷಧಿ ಬೇಡವೆಂದು ಹೇಳುವವರು ನಾವಲ್ಲ. ಅದು ಡಾಕ್ಟರರ ಮಾತು. ತಡ ಮಾಡಿ ಎಂದೂ ಹೇಳುವುದಿಲ್ಲ, ಕ್ಯಾನ್ಸರ್ ಕಾಯುವುದಿಲ್ಲ. ಆದರೆ ಪಹಣಿ ಪತ್ರ ಕೈಯಲ್ಲಿ ಹಿಡಿಯುವ ಮುಂಚೆ ಡಾಕ್ಟರರ ಮುಂದೆ ಕುಳಿತು ಐದು ಪ್ರಶ್ನೆ ಕೇಳಿ.

ಹರ್-2 ಪರೀಕ್ಷೆ ಆಗಿದೆಯೇ, ಅದರ ಕಾಗದ ಎಲ್ಲಿದೆ? ಈ ಔಷಧಿಯಿಂದ ರೋಗ ವಾಸಿಯಾಗುವ ಆಸೆ ಇದೆಯೇ, ಅಥವಾ ಕಾಲ ಸಿಗುವುದೇ, ಎಷ್ಟು ಕಾಲ? ಒಟ್ಟು ಎಷ್ಟು ಸಲ ಕೊಡಬೇಕು? ಇದರ ಬದಲು ದೇಶದಲ್ಲೇ ತಯಾರಾದ ಅಗ್ಗದ ಔಷಧಿ, ಬರೀ ಟ್ರಾಸ್ಟುಜುಮ್ಯಾಬ್ ಆಗಲಿ ಎಮ್ಟಾನ್ಸಿನ್ ಜೋಡಿಸಿದ್ದಾಗಲಿ, ನಮ್ಮ ರೋಗಿಗೆ ನಡೆಯುತ್ತದೆಯೇ? ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿದರೆ ತಪ್ಪೇನು? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕಿಲೋಗೆ ಎಷ್ಟು ಎಂದು ಕೇಳದೆ ಬೀಜ ತರದ ನಾವು, ಹೊಲ ಕೊಟ್ಟು ತರುವ ಔಷಧಿಗೆ ಬಾಯಿ ಮುಚ್ಚಿಕೊಂಡಿರಬೇಕೇ?

ಇದು ಒಬ್ಬೊಬ್ಬರು ಕೇಳುವ ಮಾತು. ಒಟ್ಟಾಗಿ ಕೇಳುವ ಮಾತು ಬೇರೆ ಇದೆ. ರಾಯಚೂರು, ಮಾನ್ವಿ, ದೇವದುರ್ಗ ತಾಲೂಕುಗಳ ಪ್ರತಿ ಊರಿನ ಸಭೆಯಲ್ಲಿ ಬೆಳೆಯ ಬೆಲೆ, ಕರೆಂಟು, ಕಾಲುವೆಯ ನೀರಿನ ಜೊತೆಗೆ ಈ ನಾಲ್ಕು ಬೇಡಿಕೆಗಳೂ ಬರಲಿ:

ಒಂದು, ಪೇಟೆಂಟ್ ಔಷಧಿಗೂ ಉತ್ಪಾದನಾ ವೆಚ್ಚದ ಲೆಕ್ಕ ಬಹಿರಂಗವಾಗಬೇಕು. ನಮ್ಮ ಎತ್ತಿನ ದುಡಿಮೆಯ ಲೆಕ್ಕ ಕೇಳುವ ಸರ್ಕಾರ ಅವರ ಬಾಟಲಿಯ ಲೆಕ್ಕವನ್ನೂ ಕೇಳಲಿ. ಐದು ವರ್ಷದ ವಿನಾಯಿತಿ ರದ್ದಾಗಲಿ.

ಎರಡು, ಟ್ರಾಸ್ಟುಜುಮ್ಯಾಬ್ 2015ರಲ್ಲಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿ ದರ ನಿಯಂತ್ರಣಕ್ಕೆ ಒಳಪಟ್ಟಿತು. ಅದರ ಬೆನ್ನಿಗೆ ವಿಷ ಕಟ್ಟಿದ, ಗುಣ ಸಿದ್ಧವಾದ ಔಷಧಿಗಳೂ ಆ ಪಟ್ಟಿಗೆ ಬರಲಿ.

ಮೂರು, ದರ ಇಳಿಸಲು ಒಪ್ಪದ ಕಂಪನಿಯ ಮೇಲೆ ಕಡ್ಡಾಯ ಪರವಾನಗಿಯ ಕಲಮನ್ನು ಬಳಸಲಿ. ತಯಾರಿಸುವ ಕಂಪನಿಗಳು ಬೆಂಗಳೂರು, ಹೈದರಾಬಾದ್, ಅಹಮದಾಬಾದಿನಲ್ಲಿ ಇವೆ. ಸರ್ಕಾರವೇ ಒಟ್ಟಿಗೆ ಕೊಂಡು ಕಿದ್ವಾಯಿ ಮತ್ತು ಜಿಲ್ಲಾ ಕೇಂದ್ರಗಳ ಮೂಲಕ ಕೊಡಲಿ. ನಮ್ಮ ಕಡೆಯ ರೋಗಿಗೆ ರಾಯಚೂರಿನಲ್ಲೇ ಸಿಗಲಿ.

ನಾಲ್ಕು, ರೈತನ ಔಷಧಿ ಸಾಲವನ್ನೂ ರೈತನ ಸಾಲವೆಂದು ಎಣಿಸಲಿ. ಸೊಸೈಟಿಯಲ್ಲಿ ಬೆಳೆಗೆ ಸಿಗುವ ಬಡ್ಡಿಯಿಲ್ಲದ ಸಾಲ ಕಾಯಿಲೆಗೂ ಸಿಗಲಿ. ಸತ್ತ ರೈತನ ಮನೆಗೆ ಬರುವ ಅಧಿಕಾರಿಯ ಫಾರಮಿನಲ್ಲಿ ಆಸ್ಪತ್ರೆಯ ಅಂಕಣ ಬರಲಿ.

1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದದ್ದು ನೀರಿನ ಕರದ ಲೆಕ್ಕ ಕೇಳಿ. 1990ರ ದಶಕದಲ್ಲಿ ಈ ರಾಜ್ಯದ ರೈತರು ಬೀಜದ ಪೇಟೆಂಟಿನ ವಿರುದ್ಧ ಬೀದಿಗೆ ಇಳಿದಾಗ ಪೇಟೆಯವರು ನಕ್ಕರು. ಹಳ್ಳಿಯವರಿಗೆ ಪೇಟೆಂಟ್ ಅಂದರೆ ಏನು ಗೊತ್ತು ಎಂದರು. 2005ರಲ್ಲಿ ಕಾನೂನು ತಿದ್ದಿ ಔಷಧಿಯ ವಸ್ತುವಿಗೇ ಪೇಟೆಂಟ್ ಕೊಡಲು ಶುರು ಮಾಡಿದ ಮೇಲೆ ನಕ್ಕವರ ಮನೆಗೂ ಇಂಥ ಚೀಟಿ ಬರುತ್ತಿದೆ. ಬೀಜ ಮತ್ತು ಔಷಧಿ ಬೇರೆ ಬೇರೆ ಅಂಗಡಿಯಲ್ಲಿ ಸಿಗಬಹುದು, ಬಲೆ ನೇಯ್ದ ಕೈ ಒಂದೇ.

ಚಹ ಆರಿತ್ತು. ಹಿರಿಯರು ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿ ಇಟ್ಟುಕೊಂಡರು. "ಹೊಲಾ ಹೋದರ ಹೋಗ್ಲಿ, ಆಕಿ ಉಳೀಬೇಕು. ಆದ್ರ ದರ ಯಾರು ಕಟ್ಟ್ಯಾರ ಅಂತ ಒಂದು ಮಾತು ಕೇಳೇ ಬರ್ತೀನಿ" ಎಂದು ರಾಯಚೂರಿನ ಬಸ್ಸು ಹತ್ತಿದರು.

ಆ ಮಾತನ್ನು ಅವರೊಬ್ಬರೇ ಕೇಳಿದರೆ ಆಸ್ಪತ್ರೆಯ ಕಾವಲುಗಾರ ಹೊರಗೆ ಕಳಿಸುತ್ತಾನೆ. ಊರೂರು ಕೇಳಿದರೆ ದಿಲ್ಲಿ ಉತ್ತರ ಕೊಡಬೇಕಾಗುತ್ತದೆ. ಕೇಳೋಣ ಬನ್ನಿ.